ಮೂರು ದಿನದ ಚುನಾವಣೆ ಕೆಲಸಕ್ಕೆ ಎರಡು ವರ್ಷದ ಯುವನಿಧಿ ಯಾಕೆ ಹೋಗಬೇಕು?

ಗೆ,
ಮಾನ್ಯ ಕೌಶಲ್ಯಾಭಿವೃದ್ಧಿ, ಉದ್ಯಮಶೀಲತೆ ಮತ್ತು ಜೀವನೋಪಾಯ ಸಚಿವರು, ಕರ್ನಾಟಕ ಸರ್ಕಾರ, ಬೆಂಗಳೂರು
ಹಾಗೂ
ಮಾನ್ಯ ಜಿಲ್ಲಾಧಿಕಾರಿಗಳು ಮತ್ತು ಜಿಲ್ಲಾ ಚುನಾವಣಾಧಿಕಾರಿಗಳು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳು

ವಿಷಯ: ಚುನಾವಣೆಯ ತಾತ್ಕಾಲಿಕ ಕೆಲಸ ಮಾಡಿದ ಯುವನಿಧಿ ಫಲಾನುಭವಿಗಳ ಭತ್ಯೆ ನಿಲ್ಲದಂತೆ ಸ್ಪಷ್ಟ ಆದೇಶ ಹೊರಡಿಸುವ ಬಗ್ಗೆ.

ಮಾನ್ಯರೇ,

ನಾನು ಕಡೂರಿನಲ್ಲಿ ಒಂದು ಸಣ್ಣ ಆನ್‌ಲೈನ್ ಸೆಂಟರ್ ನಡೆಸುತ್ತೇನೆ. ಪಹಣಿ ತೆಗೆದುಕೊಡುವುದು, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು, ಪರೀಕ್ಷೆಗಳ ಫೀಸು ಕಟ್ಟಿಕೊಡುವುದು, ಝೆರಾಕ್ಸು, ಲ್ಯಾಮಿನೇಷನ್ನು, ಇದೇ ನನ್ನ ಕಸುಬು. ಯುವನಿಧಿ ಬಂದ ಮೇಲೆ ಅದರ ಅರ್ಜಿ, ಸ್ವಯಂ ಘೋಷಣೆಯ ಕೆಲಸವೂ ಸೇರಿಕೊಂಡಿತು. ಸುತ್ತಲಿನ ಹಳ್ಳಿಗಳಲ್ಲಿ ಡಿಗ್ರಿ, ಡಿಪ್ಲೊಮಾ ಮುಗಿಸಿದ ಮಕ್ಕಳು ನನ್ನ ಅಂಗಡಿಗೆ ಬಂದು ಅರ್ಜಿ ಹಾಕಿಸಿದ್ದಾರೆ. ಹಣ ಬಂದಾಗ ಬಂದು ಹೇಳಿದ್ದಾರೆ, ಬರದಿದ್ದಾಗಲೂ ಬಂದು ಕೇಳಿದ್ದಾರೆ. ಅವರ ಪಕ್ಕದಲ್ಲಿ ಕೂತು ನಾನು ಕಂಡ ಒಂದು ಅನ್ಯಾಯವನ್ನು ತಮ್ಮ ಮುಂದೆ ಇಡಲು ಈ ಪತ್ರ ಬರೆಯುತ್ತಿದ್ದೇನೆ.

ಚುನಾವಣೆ ಬಂದಾಗ ಎರಡು ಮೂರು ದಿನದ ಕೆಲಸಕ್ಕೆ ನಿರುದ್ಯೋಗಿ ಹುಡುಗ ಹುಡುಗಿಯರನ್ನು ಕರೆಯುತ್ತಾರೆ. ಅವರು ಖುಷಿಯಿಂದಲೇ ಹೋಗುತ್ತಾರೆ. ಆಮೇಲೆ ಅದೇ ಕೆಲಸದ ಕಾರಣಕ್ಕೆ ಅವರ ನಿರುದ್ಯೋಗ ಭತ್ಯೆ ಕೈತಪ್ಪುತ್ತದೆ. ಇಲ್ಲವೇ ಕೈತಪ್ಪೀತು ಅನ್ನುವ ಭಯಕ್ಕೆ ಅವರು ಸುಳ್ಳು ಘೋಷಣೆ ಕೊಡಬೇಕಾಗುತ್ತದೆ. ಸರ್ಕಾರದ ಕೆಲಸ ಮಾಡಿದ್ದಕ್ಕೇ ಸರ್ಕಾರದ ನೆರವು ಕಳೆದುಕೊಳ್ಳುವುದು ಯಾವ ನ್ಯಾಯ ಸ್ವಾಮಿ?

ಯುವನಿಧಿ ನಮ್ಮಂಥ ಬಯಲುಸೀಮೆಯ ತಾಲ್ಲೂಕಿಗೆ ಎಷ್ಟು ಮುಖ್ಯ ಅಂತ ಮೊದಲು ಹೇಳಬೇಕು. 2023ರ ಡಿಸೆಂಬರ್ 26ರಂದು ನೋಂದಣಿ ಶುರುವಾಯಿತು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಮೊದಲ ಕಂತಿನ ಹಣ ಬಿಡುಗಡೆಯಾಯಿತು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500 ರೂಪಾಯಿ. ತೇರ್ಗಡೆಯಾಗಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ಹೆಚ್ಚೆಂದರೆ ಎರಡು ವರ್ಷ. ಕೆಲಸ ಸಿಕ್ಕ ಕೂಡಲೇ ನಿಲ್ಲುತ್ತದೆ. ನಿಲ್ಲಲೇಬೇಕು, ಅದರಲ್ಲಿ ನನ್ನ ತಕರಾರಿಲ್ಲ.

ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಸರ್ಕಾರವೇ ಘೋಷಿಸಿತ್ತು. ನಮ್ಮ ಕಡೆ ಬೋರ್‌ವೆಲ್‌ಗಳು ನಿಂತಿದ್ದವು. ಅಡಿಕೆ ತೋಟ ಉಳಿಸಿಕೊಳ್ಳಲು ಟ್ಯಾಂಕರ್‌ನಲ್ಲಿ ನೀರು ಹೊಡೆಸುತ್ತಿದ್ದರು. ಮನೆಯಲ್ಲಿ ಕೈ ಖಾಲಿ ಇದ್ದಾಗ ಡಿಗ್ರಿ ಓದಿದ ಮಗಳು ಅಪ್ಪನ ಹತ್ತಿರ ಪರೀಕ್ಷೆ ಫೀಸು ಕೇಳುವುದು ಸುಲಭವಲ್ಲ. ಈ 3,000 ರೂಪಾಯಿ ಬಂದ ಮೇಲೆ ಕೇಳುವ ಸಂಕಟ ತಪ್ಪಿತು. ಹೆಣ್ಣುಮಕ್ಕಳಿಗೆ ಬಸ್ಸು ಉಚಿತ. ಗಂಡುಮಕ್ಕಳು ಪರೀಕ್ಷೆ ಬರೆಯಲು ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೋಗಿ ಬರುವ ಚಾರ್ಜು, ಊಟ, ಪುಸ್ತಕ, ಎಲ್ಲಾ ಇದರಲ್ಲೇ ಆಗುತ್ತಿತ್ತು. ಒಬ್ಬ ಹುಡುಗ ಮೊದಲ ತಿಂಗಳ ಹಣದಲ್ಲಿ ಅಮ್ಮನಿಗೆ ಕನ್ನಡಕ ಮಾಡಿಸಿದ. ಇದೆಲ್ಲ ನಾನು ಕಣ್ಣಾರೆ ಕಂಡಿದ್ದು. ಈ ಯೋಜನೆಯನ್ನು ದೂರುವವರ ಸಾಲಿಗೆ ನನ್ನನ್ನು ದಯವಿಟ್ಟು ಸೇರಿಸಬೇಡಿ.

ಹಣ ಬರುತ್ತಲೇ ಇರಬೇಕಾದರೆ ಕಾಲಕಾಲಕ್ಕೆ ಸ್ವಯಂ ಘೋಷಣೆ ಕೊಡಬೇಕು. ನನಗೆ ಉದ್ಯೋಗ ಸಿಕ್ಕಿಲ್ಲ, ಸ್ವಂತ ಉದ್ಯೋಗ ಇಲ್ಲ, ಮುಂದೆ ಓದುತ್ತಿಲ್ಲ ಅಂತ ಹೇಳಬೇಕು. ಸುಳ್ಳು ಹೇಳಿದರೆ ದಂಡ, ಕ್ರಮ. ಅಷ್ಟೂ ಸರಿ. ಆದರೆ ಬೆಳಿಗ್ಗೆಯಿಂದ ಸಂಜೆವರೆಗೆ ಮತಗಟ್ಟೆಯಲ್ಲಿ ಕ್ಯಾಮೆರಾ ನೋಡಿಕೊಂಡು, ಮರುದಿನ ಮತ್ತೆ ಕೆಲಸವಿಲ್ಲದೆ ಮನೆಯಲ್ಲಿ ಕೂತವರು ಏನು ಹೇಳಬೇಕು? ಉದ್ಯೋಗ ಸಿಕ್ಕಿದೆ ಅಂದರೆ ಅದು ನಿಜವಲ್ಲ. ದುಡಿದೇ ಇಲ್ಲ ಅಂದರೆ ಅದೂ ನಿಜವಲ್ಲ. ಅವರು ನಿಜ ಹೇಳಲು ಅಲ್ಲಿ ಜಾಗವೇ ಇಲ್ಲ. "ಅಕ್ಕಾ, ಏನಂತ ಹಾಕ್ಲಿ?" ಅಂತ ನನ್ನನ್ನು ಕೇಳುತ್ತಾರೆ. ನಾನು ಏನು ಹೇಳಲಿ? ಹೇಳುವ ಅಧಿಕಾರ ನನಗಿಲ್ಲ. ಇರುವವರು ತಾವು.

ಈ ಕೆಲಸ ಎಂಥದ್ದು ಅನ್ನುವುದು ಮೇಲಿನ ಅಧಿಕಾರಿಗಳಿಗೆ ಗೊತ್ತಿರುತ್ತದೆ. ಆದರೂ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ನೌಕರಿ ಅಂತ ಕರೆಯಬಹುದಾ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. 2024ರ ಲೋಕಸಭೆ ಚುನಾವಣೆಯಲ್ಲಿ ನಮ್ಮ ಕಡೆ ಏಪ್ರಿಲ್ 26ರಂದು ಮತದಾನ. ಚುನಾವಣಾ ಆಯೋಗವು ಕನಿಷ್ಠ ಅರ್ಧದಷ್ಟು ಮತಗಟ್ಟೆಗಳಲ್ಲಿ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾ ಇಟ್ಟು ಇಂಟರ್ನೆಟ್ ಮೂಲಕ ನೇರ ಪ್ರಸಾರ, ಇರಬೇಕು ಅಂದಿತ್ತು. ಅದಕ್ಕೆ ಕಂಪ್ಯೂಟರ್ ಗೊತ್ತಿರುವವರು ಬೇಕು. ಒಂದು ಏಜೆನ್ಸಿಯವರು ಊರೂರಿನ ವಾಟ್ಸಾಪ್ ಗ್ರೂಪುಗಳಿಗೆ ಮೆಸೇಜು ಬಿಟ್ಟರು. ಒಂದು ದಿನ ತರಬೇತಿ. ಮತದಾನದ ಹಿಂದಿನ ದಿನ, ಮತಯಂತ್ರ ಮತ್ತು ಸಾಮಾನು ಹಂಚುವ ಮಸ್ಟರಿಂಗ್ ಕೇಂದ್ರಕ್ಕೆ ಹೋಗಿ, ಅಲ್ಲಿಂದ ಚುನಾವಣಾ ಸಿಬ್ಬಂದಿ ಜೊತೆ ಬಸ್ಸಿನಲ್ಲಿ ಮತಗಟ್ಟೆಗೆ. ರಾತ್ರಿ ಅಲ್ಲೇ ಶಾಲೆಯ ಕೊಠಡಿಯಲ್ಲಿ ಬೆಂಚು ಜೋಡಿಸಿಕೊಂಡು ಮಲಗಬೇಕು. ಬೆಳಗ್ಗೆ 7ಕ್ಕೆ ಮತದಾನ ಶುರುವಾದರೂ ಅಣಕು ಮತದಾನ ಅದಕ್ಕೆ ಒಂದೂವರೆ ಗಂಟೆ ಮೊದಲೇ. ಅಂದರೆ ನಸುಕಿನಲ್ಲೇ ಎದ್ದು ಕ್ಯಾಮೆರಾ ಹಚ್ಚಬೇಕು. ಸಂಜೆ 6ರವರೆಗೆ, ಸರದಿಯಲ್ಲಿ ಜನ ಇದ್ದರೆ ಅದಕ್ಕಿಂತ ಜಾಸ್ತಿ ಹೊತ್ತು, ನೆಟ್‌ವರ್ಕ್ ಹೋಗದಂತೆ ನೋಡಿಕೊಳ್ಳಬೇಕು. ಕರೆಂಟು ಹೋದರೆ, ಸಿಮ್ ಸಿಗ್ನಲ್ ಬಿಟ್ಟರೆ ಮೇಲಿಂದ ಫೋನು. ಹೆಣ್ಣುಮಕ್ಕಳ ಕಷ್ಟ ಇನ್ನೊಂದು. ಎಷ್ಟೋ ಶಾಲೆಗಳ ಶೌಚಾಲಯದಲ್ಲಿ ನೀರಿರುವುದಿಲ್ಲ. ಇಷ್ಟೆಲ್ಲ ಮಾಡಿದ ಮೇಲೆ ಡಿಮಸ್ಟರಿಂಗ್‌ನಲ್ಲಿ ಸಾಮಾನು ಒಪ್ಪಿಸಿ ಮನೆ ಸೇರಿದರೆ ಕೆಲಸ ಮುಗಿಯಿತು. ಮಾರನೇ ದಿನ ಯಾರೂ ಕರೆಯುವುದಿಲ್ಲ.

ನಮ್ಮ ಅಂಗಡಿಗೆ ಬರುವ ಒಬ್ಬ ಹುಡುಗಿ, ಬಿಕಾಂ ಮುಗಿಸಿದವಳು, ಹೀಗೇ ಹೋಗಿ ಬಂದಳು. ತರಬೇತಿಯೂ ಸೇರಿ ಮೂರು ದಿನದ ಕೆಲಸಕ್ಕೆ ಅವಳಿಗೆ 1,800 ರೂಪಾಯಿ ಒಪ್ಪಿಕೊಂಡಿದ್ದರು. ಅದು ಕೈಗೆ ಬಂದಿದ್ದು ಎಷ್ಟೋ ತಡವಾಗಿ. ಅಷ್ಟರಲ್ಲಿ ಘೋಷಣೆ ಕೊಡುವ ದಿನ ಬಂತು. ಅವಳ ಅಪ್ಪ ಹೇಳಿದ್ದು ಒಂದೇ ಮಾತು: "ಸರ್ಕಾರಕ್ಕೆ ಸುಳ್ಳು ಬರೆದುಕೊಡಬೇಡಮ್ಮ." ಅವಳು ಕೆಲಸ ಮಾಡಿದ್ದೇನೆ ಅಂತ ನಿಜವನ್ನೇ ಹಾಕಿಸಿದಳು. ಭತ್ಯೆ ನಿಂತಿತು. ವಿಚಾರಿಸಲು ಹೋದರೆ ಒಂದು ಕಚೇರಿಯಲ್ಲಿ "ನೀನೇ ಕೆಲಸ ಸಿಕ್ಕಿದೆ ಅಂತ ಹೇಳಿದ್ದೀಯಲ್ಲಮ್ಮ" ಅಂದರು. ಅದು ಮೂರು ದಿನದ್ದು ಸಾರ್ ಅಂದರೆ, ಹೊಸದಾಗಿ ಅರ್ಜಿ ಹಾಕು ಅಂದರು. ಹೊಸ ಅರ್ಜಿ ಹಾಕಲು ಕೂತರೆ ನಿಮ್ಮ ಹೆಸರಿನಲ್ಲಿ ಈಗಾಗಲೇ ಅರ್ಜಿ ಇದೆ ಅಂತ ಬರುತ್ತಿತ್ತು.

ಲೆಕ್ಕ ನೋಡಿ. ಅವಳಿಗೆ ಅಲ್ಲಿಯವರೆಗೆ ನಾಲ್ಕು ತಿಂಗಳ ಹಣ ಬಂದಿತ್ತು. ಎರಡು ವರ್ಷದಲ್ಲಿ ಉಳಿದಿದ್ದು ಇಪ್ಪತ್ತು ತಿಂಗಳು. ತಿಂಗಳಿಗೆ 3,000ದಂತೆ 60,000 ರೂಪಾಯಿ. 1,800 ರೂಪಾಯಿ ದುಡಿದಿದ್ದಕ್ಕೆ 60,000 ರೂಪಾಯಿ ಹೋಯಿತು. ಅವಳ ಊರಿನವಳೇ ಆದ ಇನ್ನೊಬ್ಬಳು ಪಕ್ಕದ ಮತಗಟ್ಟೆಯಲ್ಲಿ ಅದೇ ಕೆಲಸ ಮಾಡಿದ್ದಳು. ಅವಳು ಏನೂ ಹೇಳಲಿಲ್ಲ. ಅವಳ ಹಣ ಒಂದು ತಿಂಗಳೂ ತಪ್ಪದೆ ಬಂತು. ಆ ಎರಡನೆಯವಳ ಮೇಲೆ ನನಗೆ ಸಿಟ್ಟಿಲ್ಲ. ಅವಳ ಮನೆ ಕಷ್ಟ ನನಗೆ ಗೊತ್ತು. ಆದರೆ ಮೊದಲನೆಯವಳ ಮುಖ ನೋಡುವುದು ಕಷ್ಟವಾಯಿತು. ಇಪ್ಪತ್ತೆರಡು ವರ್ಷದ ಹುಡುಗಿಗೆ ಸರ್ಕಾರದ ಜೊತೆ ಆದ ಮೊದಲ ವ್ಯವಹಾರ ಇದು. ನಿಜ ಹೇಳಿದವರಿಗೆ ನಷ್ಟ, ಮುಚ್ಚಿಟ್ಟವರಿಗೆ ಲಾಭ ಅಂತ ಅವಳು ಕಲಿತಳು.

ಇನ್ನೊಂದು ಕಥೆ ಪಿಎಫ್‌ದು. ಡಿಪ್ಲೊಮಾ ಓದಿದ ಒಬ್ಬ ಹುಡುಗ ಡೇಟಾ ಎಂಟ್ರಿಗೆ ಅಂತ ಒಂದು ಹೊರಗುತ್ತಿಗೆ ಏಜೆನ್ಸಿಯ ಮೂಲಕ ಸ್ವಲ್ಪ ದಿನ ಹೋದ. ಜೂನ್ 4ರ ಮತ ಎಣಿಕೆ ಮುಗಿಯಿತು, ಅವನ ಕೆಲಸವೂ ಮುಗಿಯಿತು. ಏಜೆನ್ಸಿಯವರು ಅವನ ಹೆಸರಲ್ಲಿ ಪಿಎಫ್ ಖಾತೆ ಮಾಡಿಸಿದ್ದರು. ಅದು ಕಾನೂನು, ಮಾಡಿಸಿದ್ದು ಸರಿಯೇ. ಆದರೆ ಕೆಲಸ ಬಿಟ್ಟ ದಿನಾಂಕ ಹಾಕಬೇಕಲ್ಲ, ಅದನ್ನು ಹಾಕಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಏಜೆನ್ಸಿ ಹಾಕದಿದ್ದರೆ ಸದಸ್ಯರೇ ಪಿಎಫ್ ಪೋರ್ಟಲ್‌ನಲ್ಲಿ ಆ ದಿನಾಂಕ ಹಾಕಿಕೊಳ್ಳಬಹುದು. ಆದರೆ ಕೊನೆಯ ವಂತಿಗೆ ಬಂದು ಎರಡು ತಿಂಗಳಾದ ಮೇಲೆ ಮಾತ್ರ. ಅಲ್ಲಿಯವರೆಗೆ ದಾಖಲೆ ನೋಡಿದವರಿಗೆ ಈ ಹುಡುಗ ನೌಕರಿಯಲ್ಲಿರುವವನು. ಮನೆಯಲ್ಲಿ ನೋಡಿದರೆ ಅಪ್ಪನ ಜೊತೆ ಈರುಳ್ಳಿ ಹೊಲದಲ್ಲಿರುವವನು. ಅವನು ಕಳೆದುಕೊಂಡಿದ್ದು ತಿಂಗಳಿಗೆ 1,500 ರೂಪಾಯಿ. ದೊಡ್ಡ ಮೊತ್ತ ಅಲ್ಲ ಅನ್ನಬಹುದು. ಅವನಿಗೆ ದೊಡ್ಡದು.

ನಮ್ಮ ಕಡೂರಿನದು ಇನ್ನೊಂದು ತೊಡಕಿದೆ. ತಾಲ್ಲೂಕು ಚಿಕ್ಕಮಗಳೂರು ಜಿಲ್ಲೆಯದು, ಲೋಕಸಭೆಗೆ ಮಾತ್ರ ಹಾಸನ ಕ್ಷೇತ್ರ. ಜಿಲ್ಲೆಯ ಉಳಿದ ಕ್ಷೇತ್ರಗಳಾದ ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ ಎಲ್ಲ ಉಡುಪಿಯ ಜೊತೆ. ಹೀಗಾಗಿ ಲೋಕಸಭೆ ಚುನಾವಣೆಯಲ್ಲಿ ದುಡಿದ ನಮ್ಮ ಮಕ್ಕಳು ಒಂದು ಕಾಗದ ಬೇಕೆಂದರೆ ಎಲ್ಲಿಗೆ ಹೋಗಬೇಕು ಅನ್ನುವುದೇ ಗೊಂದಲ. ಚುನಾವಣಾಧಿಕಾರಿ ಹಾಸನದಲ್ಲಿ. ಯುವನಿಧಿ ವಿಚಾರಿಸಬೇಕಾದ ಜಿಲ್ಲಾ ಕಚೇರಿ ಚಿಕ್ಕಮಗಳೂರಿನಲ್ಲಿ. ಕೆಲಸ ಕೊಟ್ಟ ಏಜೆನ್ಸಿ ಬೆಂಗಳೂರಿನದ್ದು. ಒಂದು ಕಡೆ ಹೋದರೆ ಇನ್ನೊಂದು ಕಡೆ ತೋರಿಸುತ್ತಾರೆ. ಈ ಪತ್ರವನ್ನು ಎರಡೂ ಜಿಲ್ಲೆಯ ಜಿಲ್ಲಾಧಿಕಾರಿಗಳಿಗೆ ಬರೆಯುತ್ತಿರುವುದು ಇದೇ ಕಾರಣಕ್ಕೆ. ತಾವಿಬ್ಬರೂ ಒಟ್ಟಿಗೆ ಕೂತು ನಮ್ಮ ತಾಲ್ಲೂಕಿನ ಮಟ್ಟಿಗಾದರೂ ಯಾರು ಹೊಣೆ ಅಂತ ತೀರ್ಮಾನಿಸಿದರೆ ದೊಡ್ಡ ಉಪಕಾರ.

ಈಗ ಏನಾಗಿದೆ ಅಂದರೆ, ಬುದ್ಧಿವಂತ ಮಕ್ಕಳು ಚುನಾವಣೆ ಕೆಲಸಕ್ಕೇ ಹೆದರುತ್ತಿದ್ದಾರೆ. "ಬೇಡಕ್ಕಾ, ಸುಮ್ನೆ ಯಾಕೆ ತಲೆನೋವು" ಅನ್ನುತ್ತಾರೆ. ಊರಿನ ಮತಗಟ್ಟೆ ಎಲ್ಲಿದೆ, ಯಾವ ಕಂಪನಿಯ ಸಿಗ್ನಲ್ ಎಲ್ಲಿ ಸಿಗುತ್ತದೆ, ಕರೆಂಟು ಹೋದರೆ ಯಾರಿಗೆ ಹೇಳಬೇಕು ಅನ್ನುವುದು ನಮ್ಮೂರ ಹುಡುಗರಿಗೆ ಗೊತ್ತಿರುವಷ್ಟು ಹೊರಗಿನಿಂದ ಕರೆತಂದವರಿಗೆ ಗೊತ್ತಿರುವುದಿಲ್ಲ. ಇಂಥವರು ದೂರ ಸರಿದರೆ ನಷ್ಟ ಆಗುವುದು ಚುನಾವಣೆಗೇ ಅಲ್ವಾ?

ಮುಂದೆ ಈ ಕೆಲಸ ಕಡಿಮೆಯಾಗುವುದೂ ಇಲ್ಲ. ಚುನಾವಣಾ ಆಯೋಗ 2025ರಲ್ಲಿ ಎರಡು ತೀರ್ಮಾನ ಮಾಡಿದೆ. ಇಂಟರ್ನೆಟ್ ಸಿಗುವ ಎಲ್ಲ ಮತಗಟ್ಟೆಗಳಲ್ಲೂ ವೆಬ್‌ಕಾಸ್ಟಿಂಗ್ ಇರಬೇಕು ಅನ್ನುವುದು ಒಂದು. ಒಂದು ಮತಗಟ್ಟೆಗೆ 1,500 ಮತದಾರರ ಬದಲು 1,200ಕ್ಕಿಂತ ಹೆಚ್ಚು ಇರಬಾರದು ಅನ್ನುವುದು ಇನ್ನೊಂದು. ಮತಗಟ್ಟೆಗಳು ಜಾಸ್ತಿಯಾಗುತ್ತವೆ, ಕ್ಯಾಮೆರಾ ಜಾಸ್ತಿಯಾಗುತ್ತವೆ, ಕೂರುವ ಹುಡುಗರೂ ಜಾಸ್ತಿ ಬೇಕಾಗುತ್ತಾರೆ. ಇನ್ನು ನಮ್ಮ ರಾಜ್ಯದ ಸ್ಥಳೀಯ ಚುನಾವಣೆಗಳು. ಗ್ರಾಮ ಪಂಚಾಯಿತಿ ಚುನಾವಣೆ ನಡೆದಿದ್ದು 2020ರ ಡಿಸೆಂಬರ್ 22 ಮತ್ತು 27ರಂದು, ಅವಧಿ ಐದು ವರ್ಷ. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದಿತ್ತು. ಇವನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ, ಅದು ಬೇರೆ ಸಂಸ್ಥೆ. ಆದರೆ ತಾಲ್ಲೂಕು ಕಚೇರಿಯಲ್ಲಿ ಕೂತು ಹೆಸರು ಟೈಪ್ ಮಾಡುವವರು, ಕ್ಯಾಮೆರಾ ಹಿಡಿಯುವವರು ಇದೇ ಮಕ್ಕಳು.

ಕಾನೂನಿನ ಮಾತಿಗೆ ಬರುತ್ತೇನೆ. ನಾನು ವಕೀಲೆಯಲ್ಲ. ಆದರೆ 1951ರ ಜನಪ್ರತಿನಿಧಿ ಕಾಯ್ದೆಯ 135ಬಿ ಕಲಂ ಏನು ಹೇಳುತ್ತದೆ ಅಂತ ಎಲ್ಲರಿಗೂ ಗೊತ್ತು. ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕು, ದಿನಗೂಲಿಯವರಿಗೂ ಕೊಡಬೇಕು. ಓಟು ಹಾಕಲು ಹೋದ ಕಾರಣಕ್ಕೆ ಯಾರ ಒಂದು ದಿನದ ಕೂಲಿಯೂ ಹೋಗಬಾರದು ಅನ್ನುವುದು ಅದರ ಉದ್ದೇಶ. ಅದೇ ಕಾಯ್ದೆಯ 159ನೇ ಕಲಂ ಪ್ರಕಾರ ಚುನಾವಣೆ ಕೆಲಸಕ್ಕೆ ಸಿಬ್ಬಂದಿ ಕೊಡಬೇಕು. ಹಾಗೆ ಬರುವ ಸರ್ಕಾರಿ ನೌಕರರಿಗೆ, ಮೇಷ್ಟ್ರುಗಳಿಗೆ ಅವರ ಸಂಬಳ ನಿಲ್ಲುವುದಿಲ್ಲ. ಮೇಲೆ ಗೌರವಧನವೂ ಸಿಗುತ್ತದೆ. ಸಿಗಲೇಬೇಕು, ಅವರ ಕಷ್ಟವೂ ಕಡಿಮೆಯದ್ದಲ್ಲ. ಹಾಗಿದ್ದ ಮೇಲೆ ಅದೇ ಕೊಠಡಿಯಲ್ಲಿ ಅದೇ ಹೊತ್ತು ಕೂತ ನಿರುದ್ಯೋಗಿ ಹುಡುಗಿ ಒಬ್ಬಳೇ ತನ್ನ ತಿಂಗಳ ಆಧಾರ ಕಳೆದುಕೊಂಡು ಮನೆಗೆ ಹೋಗಬೇಕಾ? ಮತದಾರರಿಗೆ ನಷ್ಟವಿಲ್ಲ, ಅಧಿಕಾರಿಗಳಿಗೆ ನಷ್ಟವಿಲ್ಲ, ಇವಳಿಗೆ ಮಾತ್ರ ನಷ್ಟ.

ಬೇರೆ ಕಡೆ ಈ ಸಮಸ್ಯೆಯನ್ನು ಕಾನೂನು ಬರೆಯುವಾಗಲೇ ಯೋಚಿಸಿದ್ದಾರೆ. ಅಮೆರಿಕದ ನಿರುದ್ಯೋಗ ವಿಮೆಯ ಒಕ್ಕೂಟ ಕಾನೂನಿನಲ್ಲಿ, ಒಂದು ವರ್ಷದಲ್ಲಿ 1,000 ಡಾಲರ್‌ಗಿಂತ ಕಡಿಮೆ ಸಂಭಾವನೆಯ ಚುನಾವಣೆ ಕೆಲಸವನ್ನು ವಿಮೆಯ ವ್ಯಾಪ್ತಿಯಿಂದ ಹೊರಗಿಡಲು ರಾಜ್ಯಗಳಿಗೆ ಅವಕಾಶ ಕೊಟ್ಟಿದ್ದಾರೆ. ಅವರ ವ್ಯವಸ್ಥೆಯೇ ಬೇರೆ, ನಮ್ಮದೇ ಬೇರೆ. ಆದರೂ ಚುನಾವಣೆಯ ಚಿಲ್ಲರೆ ಕೆಲಸ ಮಾಮೂಲಿ ನೌಕರಿಯಂತಲ್ಲ, ಅದಕ್ಕೊಂದು ಮಿತಿ ಹಾಕಿ ಬೇರೆ ಇಡಬಹುದು ಅಂತ ಅವರು ಕಂಡುಕೊಂಡಿದ್ದಾರೆ. ನಾವು ಯಾಕೆ ಮಾಡಬಾರದು?

ಇದು ಯುವನಿಧಿಗೆ ಮಾತ್ರ ಸೇರಿದ್ದೂ ಅಲ್ಲ. ಹಾಸನದ ಕಡೆ ಗಾರ್ಮೆಂಟ್ಸ್‌ನಲ್ಲಿದ್ದು ಕೆಲಸ ಕಳೆದುಕೊಂಡು ಊರಿಗೆ ಬಂದ ಹೆಣ್ಣುಮಕ್ಕಳು ನಮ್ಮಲ್ಲಿದ್ದಾರೆ. ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇದ್ದವರಿಗೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಅಂತ ಒಂದಿದೆ, 2018ರ ಜುಲೈನಲ್ಲಿ ಶುರುವಾದದ್ದು. ಕೆಲಸ ಹೋದ ಮೇಲೆ ಹಿಂದಿನ ಸರಾಸರಿ ಕೂಲಿಯ ಅರ್ಧದಷ್ಟು, 90 ದಿನದವರೆಗೆ ಸಿಗುತ್ತದೆ. ಜೀವನದಲ್ಲಿ ಒಂದೇ ಸಲ. ಅಂಥವಳೊಬ್ಬಳು ಆ 90 ದಿನದ ಒಳಗೆ ಮಸ್ಟರಿಂಗ್ ಕೇಂದ್ರದಲ್ಲಿ ಅಡುಗೆಗೆ ಹೋದರೆ ಹೆದರಿಕೊಂಡೇ ಹೋಗಬೇಕು. ಅದು ಕೇಂದ್ರದ ಯೋಜನೆ, ತಮ್ಮ ಕೈಯಲ್ಲಿಲ್ಲ. ಆದರೆ ಮೇಲಕ್ಕೆ ಒಂದು ಪತ್ರ ಬರೆಯುವುದು ತಮ್ಮ ಕೈಯಲ್ಲಿದೆ.

ಹೀಗೆ ಬಿಟ್ಟುಕೊಟ್ಟರೆ ದುರುಪಯೋಗ ಆಗುತ್ತದೆ, ಎಲ್ಲರೂ ಚುನಾವಣೆ ಕೆಲಸ ಅಂತ ಹೇಳಿಕೊಂಡು ಬೇರೆ ನೌಕರಿ ಮಾಡುತ್ತಾರೆ ಅಂತ ಯಾರಾದರೂ ಹೇಳಬಹುದು. ಆ ಭಯಕ್ಕೆ ಕಾರಣವೇ ಇಲ್ಲ. ಬೇರೆ ಕೂಲಿ ಕೆಲಸಕ್ಕೆ ಲೆಕ್ಕ ಇಲ್ಲದಿರಬಹುದು, ಚುನಾವಣೆ ಕೆಲಸಕ್ಕೆ ಪೂರ್ತಿ ಲೆಕ್ಕ ಇದೆ. ಯಾವ ಮತಗಟ್ಟೆಯಲ್ಲಿ ಯಾರಿದ್ದರು, ಯಾವ ದಿನ ಬಂದರು, ಯಾವ ಮೊಬೈಲ್ ನಂಬರ್, ಎಲ್ಲವೂ ಪಟ್ಟಿಯಲ್ಲಿರುತ್ತದೆ. ಗುರುತಿನ ಚೀಟಿ ಇಲ್ಲದೆ ಮತಗಟ್ಟೆಯ ಒಳಗೆ ಬಿಡುವುದೇ ಇಲ್ಲ. ಆ ಪಟ್ಟಿಯನ್ನು ಕೌಶಲ್ಯ ಇಲಾಖೆಗೆ ಕಳಿಸಿದರೆ ಪರಿಶೀಲನೆ ಒಂದು ದಿನದ ಕೆಲಸ.

ಎಲ್ಲರಿಗೂ ಒಂದೇ ನಿಯಮ ಬೇಕು ಅಂತಲೂ ನಾನು ಹೇಳುತ್ತಿಲ್ಲ. ಚೆಕ್‌ಪೋಸ್ಟ್‌ಗಳಲ್ಲಿ ವಿಡಿಯೊ ಮಾಡುವ ಹುಡುಗರಿದ್ದಾರೆ. 2024ರಲ್ಲಿ ಮಾರ್ಚ್ 16ಕ್ಕೆ ನೀತಿ ಸಂಹಿತೆ ಬಂತು. ಅವರಲ್ಲಿ ಕೆಲವರು ಅಲ್ಲಿಂದ ಮತದಾನದವರೆಗೂ ರಾತ್ರಿ ಪಾಳಿ, ಹಗಲು ಪಾಳಿ ಅಂತ ದುಡಿದರು. ತಿಂಗಳು ಪೂರ್ತಿ ದುಡಿದು ಪೂರ್ತಿ ಹಣ ಪಡೆದವರಿಗೆ ಆ ತಿಂಗಳ ಭತ್ಯೆ ಕೊಡದಿದ್ದರೆ ಅದು ನ್ಯಾಯವೇ. ನಾನು ಕೇಳುವುದು, ಆ ತಿಂಗಳಿನದ್ದು ಮಾತ್ರ ಹಿಡಿಯಿರಿ, ಮುಂದಿನ ತಿಂಗಳಿಂದ ತಾನಾಗಿಯೇ ಮತ್ತೆ ಶುರುವಾಗಲಿ, ಹಿಡಿದ ತಿಂಗಳನ್ನು ಎರಡು ವರ್ಷದ ಇಪ್ಪತ್ನಾಲ್ಕು ತಿಂಗಳ ಲೆಕ್ಕಕ್ಕೆ ಸೇರಿಸಬೇಡಿ ಅಂತ.

ಆದ್ದರಿಂದ ಮಾನ್ಯ ಸಚಿವರಲ್ಲಿ ನನ್ನ ಮೊದಲ ಮನವಿ: ವರ್ಷಕ್ಕೆ ಇಂತಿಷ್ಟು ದಿನದವರೆಗಿನ ಚುನಾವಣೆ ಕೆಲಸವನ್ನು ಯುವನಿಧಿಯ ಮಟ್ಟಿಗೆ ಉದ್ಯೋಗ ಅಂತ ಪರಿಗಣಿಸುವುದಿಲ್ಲ ಅಂತ ಒಂದು ಆದೇಶ ಹೊರಡಿಸಿ. ಎಷ್ಟು ದಿನ ಅನ್ನುವುದನ್ನು ತಾವೇ ನಿಗದಿ ಮಾಡಿ. ಹದಿನೈದು ದಿನ ಇಟ್ಟರೂ ನಮ್ಮ ಕಡೆಯ ಬಹುತೇಕ ಮಕ್ಕಳು ಅದರೊಳಗೆ ಬರುತ್ತಾರೆ. ಅದು ಕನ್ನಡದಲ್ಲಿರಲಿ, ಗ್ರಾಮ ಒನ್ ಕೇಂದ್ರಗಳಿಗೂ ನಮ್ಮಂಥ ಸೆಂಟರ್‌ಗಳಿಗೂ ತಲುಪಲಿ. ಗೋಡೆಗೆ ಅಂಟಿಸಿಕೊಳ್ಳುತ್ತೇವೆ.

ಸ್ವಯಂ ಘೋಷಣೆಯಲ್ಲಿ ಇನ್ನೊಂದು ಸಾಲು ಸೇರಿಸಿ. ಚುನಾವಣೆಯ ತಾತ್ಕಾಲಿಕ ಕೆಲಸ ಮಾಡಿದ್ದೇನೆ, ಈ ದಿನಾಂಕದಿಂದ ಈ ದಿನಾಂಕದವರೆಗೆ, ಸಿಕ್ಕ ಹಣ ಇಷ್ಟು. ಇಷ್ಟೇ ಸಾಕು. ನಿಜ ಹೇಳಬೇಕು ಅನ್ನುವ ಮಕ್ಕಳಿಗೆ ಹೇಳಲು ಜಾಗ ಸಿಗುತ್ತದೆ. ಹೇಳದೆ ಇದ್ದವರಿಗೂ ಮುಚ್ಚಿಡುವ ಕಾರಣ ಉಳಿಯುವುದಿಲ್ಲ.

ಭತ್ಯೆ ನಿಲ್ಲಿಸುವಾಗ ಯಾಕೆ ನಿಲ್ಲಿಸಿದ್ದೇವೆ ಅಂತ ಬರಹದಲ್ಲಿ ತಿಳಿಸಿ. ಮೊಬೈಲಿಗೆ ಒಂದು ಮೆಸೇಜು ಬಂದರೂ ಸಾಕು. ಯಾರ ಹತ್ತಿರ ಮೇಲ್ಮನವಿ ಹಾಕಬೇಕು, ಎಷ್ಟು ದಿನದೊಳಗೆ ಉತ್ತರ ಸಿಗುತ್ತದೆ ಅನ್ನುವುದೂ ಅದರಲ್ಲಿರಲಿ. ಅದು ತಾಲ್ಲೂಕು ಮಟ್ಟದಲ್ಲೇ ಆದರೆ ಒಳ್ಳೆಯದು. ಹಿಂದಿನ ಚುನಾವಣೆಯಲ್ಲಿ ಕೆಲಸ ಮಾಡಿದ್ದಕ್ಕೆ ಭತ್ಯೆ ಕಳೆದುಕೊಂಡವರ ಅರ್ಜಿಗಳನ್ನು ಮತ್ತೆ ತೆರೆಯಿರಿ. ಅವರ ಎರಡು ವರ್ಷ ಮುಗಿದುಹೋಗಿದೆ ಅಂತ ಈಗ ಕೈಬಿಡಬೇಡಿ. ನಿಂತ ದಿನದಿಂದ ಲೆಕ್ಕ ಹಾಕಿ ಬಾಕಿ ಕೊಡಿ. ಆ ಬಿಕಾಂ ಹುಡುಗಿ ಈಗಲೂ ಪರೀಕ್ಷೆ ಬರೆಯುತ್ತಲೇ ಇದ್ದಾಳೆ.

ಮಾನ್ಯ ಜಿಲ್ಲಾಧಿಕಾರಿಗಳಲ್ಲಿ ಕೇಳುವುದು ಏಜೆನ್ಸಿಗಳ ವಿಷಯ. ಟೆಂಡರ್ ಕೊಡುವಾಗಲೇ ಷರತ್ತು ಹಾಕಿ. ಕೆಲಸಕ್ಕೆ ಕರೆಯುವ ಮೊದಲು ಎಷ್ಟು ದಿನ, ಎಷ್ಟು ಹಣ ಅಂತ ಬರೆದ ಚೀಟಿ ಕೊಡಬೇಕು. ಕೆಲಸ ಮುಗಿದ ದಿನವೇ, ಡಿಮಸ್ಟರಿಂಗ್ ಕೇಂದ್ರದಲ್ಲೇ, ಚುನಾವಣಾ ಶಾಖೆಯ ಸೀಲು ಹಾಕಿದ ಪ್ರಮಾಣಪತ್ರ ಕೈಗೆ ಕೊಡಬೇಕು. ಪಿಎಫ್ ಮಾಡಿಸಿದ್ದರೆ ಬಿಟ್ಟ ದಿನಾಂಕವನ್ನೂ ಹಾಕಿದ್ದಾರೆ ಅಂತ ಖಾತ್ರಿಯಾದ ಮೇಲೆಯೇ ಏಜೆನ್ಸಿಯ ಕೊನೆಯ ಬಿಲ್ಲು ಪಾಸಾಗಬೇಕು. ಈ ಒಂದು ಷರತ್ತು ಇದ್ದರೆ ಅವರು ಫೋನ್ ಎತ್ತುತ್ತಾರೆ. ಹುಡುಗರಿಗೆ ಹಣ ಕೊಟ್ಟ ಬ್ಯಾಂಕ್ ದಾಖಲೆಯನ್ನೂ ಅದರ ಜೊತೆಗೇ ಕೇಳಿ. ಕಡೂರಿನ ಮಕ್ಕಳ ವಿಷಯದಲ್ಲಿ ಲೋಕಸಭೆ ಚುನಾವಣೆಯಾದರೂ ಪ್ರಮಾಣಪತ್ರ ಕಡೂರಿನ ತಾಲ್ಲೂಕು ಕಚೇರಿಯಲ್ಲೇ ಸಿಗುವಂತಾಗಲಿ. ಹಾಸನಕ್ಕೂ ಚಿಕ್ಕಮಗಳೂರಿಗೂ ಅವರನ್ನು ಅಲೆಸಬೇಡಿ.

ಇದಕ್ಕೆ ಹೊಸ ಕಾನೂನು ಬೇಡ, ವಿಧಾನಸಭೆಯ ಒಪ್ಪಿಗೆ ಬೇಡ, ದೊಡ್ಡ ಖರ್ಚೂ ಇಲ್ಲ. ಇಲಾಖೆಯಿಂದ ಒಂದು ಆದೇಶ, ಜಿಲ್ಲಾಡಳಿತದಿಂದ ಟೆಂಡರ್‌ನಲ್ಲಿ ನಾಲ್ಕು ಸಾಲು, ಅಷ್ಟೇ. ಮುಂದಿನ ಚುನಾವಣೆಯ ವೇಳಾಪಟ್ಟಿ ಪ್ರಕಟವಾಗುವ ಮೊದಲೇ ಈ ಆದೇಶ ಬರಬೇಕು. ನೀತಿ ಸಂಹಿತೆ ಜಾರಿಯಾದ ಮೇಲೆ ಕೇಳಿದರೆ ಈಗ ಏನೂ ಮಾಡಲಾಗದು ಅನ್ನುವ ಉತ್ತರ ಬರುತ್ತದೆ. ಅಷ್ಟರಲ್ಲಿ ವಾಟ್ಸಾಪಿನಲ್ಲಿ ಏಜೆನ್ಸಿಗಳ ಮೆಸೇಜು ಓಡಾಡುತ್ತಿರುತ್ತದೆ, ಮಕ್ಕಳು ಹೋಗಲಾ ಬೇಡವಾ ಅಂತ ನನ್ನನ್ನು ಕೇಳುತ್ತಿರುತ್ತಾರೆ. ಧೈರ್ಯವಾಗಿ ಹೋಗಿ ಅಂತ ಹೇಳಲು ನನ್ನ ಕೈಯಲ್ಲಿ ತಮ್ಮ ಆದೇಶದ ಪ್ರತಿ ಬೇಕು. ದಯವಿಟ್ಟು ಅಷ್ಟರೊಳಗೆ ಕೊಡಿ.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ಆನ್‌ಲೈನ್ ಸೆಂಟರ್ ನಡೆಸುವ ಒಬ್ಬ ಹೆಣ್ಣುಮಗಳು
ಕಡೂರು, ಚಿಕ್ಕಮಗಳೂರು ಜಿಲ್ಲೆ

ಪ್ರತಿ: ಮಾನ್ಯ ರಾಜ್ಯ ಚುನಾವಣಾ ಆಯುಕ್ತರು, ಮಾನ್ಯ ಮುಖ್ಯ ಚುನಾವಣಾಧಿಕಾರಿಗಳು, ಬೆಂಗಳೂರು, ಅವರ ಗಮನಕ್ಕೆ